ಪ್ರಶಸ್ತಿ ಪಟ್ಟಿ ಬೇಡ, ಕಾರ್ಟರ್ ಬೇಕು

ಪ್ರಿಯ ಲೇಖಕರೇ,

ಜಾಝ್ ಸ್ಯಾಕ್ಸೊಫೋನ್ ವಾದಕ, ಬ್ಯಾಂಡ್ ನಾಯಕ ಬೆನ್ನಿ ಕಾರ್ಟರ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಬೇಡಿ. ಇವರ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಬರಹ ಬರಲೇಬೇಕು.

1907ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದರು ಎಂಬಲ್ಲಿಂದ 2003ರಲ್ಲಿ ತೀರಿಕೊಂಡರು ಎಂಬವರೆಗೆ ನಿಮ್ಮದು ಬರೀ ಇಸವಿ, ಬರೀ ಹೆಸರು. 'ಮಹಾನ್ ಪ್ರತಿಭೆ' ಅನ್ನುವ ಮಾತು ಪುಟಪುಟಕ್ಕೂ ಬರುತ್ತದೆ. ಎಂಥ ಪ್ರತಿಭೆ ಅಂತ ಮಾತ್ರ ಎಲ್ಲೂ ಇಲ್ಲ.

ಅವರು ಮಾಡಿದ್ದು ಓದುಗರ ಕಿವಿಗೆ ಬೀಳಬೇಕು. ನಾಲ್ಕು ಸ್ಯಾಕ್ಸೊಫೋನ್‌ಗಳಿಗೆ ಅವರು ಸ್ವರ ಬರೆದುಕೊಡುತ್ತಿದ್ದ ರೀತಿಯನ್ನೇ ನೋಡಿ. ಮೇಲಿನ ಆಲ್ಟೊ, ಅಂದರೆ ಎತ್ತರದ ದನಿಯ ಸ್ಯಾಕ್ಸೊಫೋನ್, ಹಾಡು ಹಿಡಿದು ಹೊರಟರೆ, ಉಳಿದ ಮೂರೂ ಅದರ ಕೆಳಗೆ ಒತ್ತೊತ್ತಾಗಿ, ಅದೇ ಲಯದಲ್ಲಿ ಸಾಗುತ್ತವೆ. ಅದು ಏರಿದರೆ ಇವೂ ಏರುತ್ತವೆ, ತಡೆದರೆ ಇವೂ ತಡೆಯುತ್ತವೆ. ಎಲ್ಲವೂ ಮೊದಲೇ ಕಾಗದದಲ್ಲಿ ಬರೆದದ್ದು. ಕೇಳಿದರೆ ಮಾತ್ರ, ಯಾರೋ ಒಬ್ಬರು ಆ ಗಳಿಗೆಗೆ ಹೊಳೆದದ್ದನ್ನು ನುಡಿಸುತ್ತಿದ್ದಾರೆ ಅನ್ನಿಸುತ್ತದೆ! ಮನೋಧರ್ಮದ ಬೆಲೆ ಬಲ್ಲ ನಮ್ಮ ಓದುಗರಿಗೆ ಇದು ಥಟ್ಟನೆ ಹಿಡಿಸುತ್ತದೆ. ಕದ್ರಿ ಗೋಪಾಲನಾಥರ ಕೈಲಿದ್ದದ್ದೂ ಆಲ್ಟೊವೇ ಅಲ್ವಾ?

1937ರ ಪ್ಯಾರಿಸ್ ಧ್ವನಿಮುದ್ರಣಕ್ಕೆ ನೀವು ಕೊಟ್ಟಿರುವುದು ಒಂದೇ ಸಾಲು. ಕಾರ್ಟರ್, ಇನ್ನೊಬ್ಬ ಸ್ಯಾಕ್ಸೊಫೋನ್ ವಾದಕ ಕೋಲ್ಮನ್ ಹಾಕಿನ್ಸ್, ಜೊತೆಗೆ ಫ್ರಾನ್ಸಿನ ಇಬ್ಬರು. ಎರಡು ಆಲ್ಟೊ, ಅದಕ್ಕಿಂತ ತಗ್ಗಿದ ದನಿಯ ಎರಡು ಟೆನರ್. ಗಿಟಾರ್‌ನಲ್ಲಿ ಜಾಂಗೊ ರೈನ್‌ಹಾರ್ಟ್. 1961ರಲ್ಲಿ ಕಾರ್ಟರ್ ಮತ್ತು ಹಾಕಿನ್ಸ್ ಮತ್ತೆ ಅದೇ ನಾಲ್ಕು ಸ್ಯಾಕ್ಸೊಫೋನ್‌ಗಳ ಜೋಡಣೆಯಲ್ಲಿ 'ಕ್ರೇಜಿ ರಿದಮ್' ಎಂಬ ಹಾಡನ್ನು ನುಡಿಸಿದರು. ಎರಡನ್ನೂ ಒಂದರ ಹಿಂದೊಂದು ಕೇಳಿ. ಏನು ಕೇಳಿಸಿತೋ ಅದನ್ನೇ ಬರೆಯಿರಿ.

ಇನ್ನು ಟ್ರಂಪೆಟ್ ಕಥೆ. ಹುಡುಗ ದುಡ್ಡು ಕೂಡಿಟ್ಟು ಟ್ರಂಪೆಟ್ ಕೊಂಡ, ಎರಡು ದಿನದಲ್ಲಿ ಒಲಿಯಲಿಲ್ಲ ಅಂತ ಅಂಗಡಿಗೆ ವಾಪಸ್ ಕೊಟ್ಟು ಸ್ಯಾಕ್ಸೊಫೋನ್ ತಂದ. ಮುಂದೆ ಟ್ರಂಪೆಟ್ಟನ್ನೂ ಚೆನ್ನಾಗಿ ನುಡಿಸಿದರು. ಇದನ್ನು ಬಿಟ್ಟು ಪ್ರಶಸ್ತಿಗಳಿಗೆ ಒಂದಿಡೀ ಪುಟ ಕೊಟ್ಟಿದ್ದೀರಿ.

ನನಗೆ ಜಾಸ್ತಿ ಬೇಜಾರಾದದ್ದು 'ಸಮಾಜಸೇವೆಯನ್ನೂ ಮಾಡಿದರು' ಎಂಬ ಸಾಲು ಓದಿ. ಲಾಸ್ ಏಂಜಲೀಸ್‌ನಲ್ಲಿ ಆಗ ಬಿಳಿಯ ವಾದಕರಿಗೊಂದು ಯೂನಿಯನ್, ಕಪ್ಪು ವಾದಕರಿಗೊಂದು. ಸಿನಿಮಾ ಸ್ಟುಡಿಯೊಗಳ ಒಳ್ಳೆಯ ಸಂಬಳದ ಕೆಲಸ ಬಹುಪಾಲು ಬಿಳಿಯರ ಪಾಲಿಗೆ. 1953ರಲ್ಲಿ ಎರಡೂ ಒಂದಾದವು. ಅದಕ್ಕಾಗಿ ದುಡಿದವರಲ್ಲಿ ಕಾರ್ಟರ್ ಒಬ್ಬರು. 1937ರಲ್ಲೇ ಹಾಲೆಂಡಿನ ಕಡಲತೀರದಲ್ಲಿ ಕಪ್ಪು, ಬಿಳಿ ವಾದಕರನ್ನು ಒಟ್ಟಿಗೆ ಕೂರಿಸಿ ಬ್ಯಾಂಡ್ ನಡೆಸಿದವರು ಅವರು. ಯೂನಿಯನ್ ವಿಷಯ ಸಂಗೀತಗಾರರ ಹೊಟ್ಟೆಪಾಡಿನದು. ಸುಮ್ನೆ ಸೇವೆ ಅಂತ ಬರೆದು ಮುಗಿಸಬೇಡಿ.

ಪ್ರಶಸ್ತಿಗಳನ್ನು ಒಂದು ಸಾಲಿಗೆ ಇಳಿಸಿ. ಪ್ಯಾರಿಸ್ ಮತ್ತು ಯೂನಿಯನ್ ಭಾಗ ಬೆಳೆಸಿ. ತಡವಾದರೂ ಪರವಾಗಿಲ್ಲ, ತಿದ್ದಿ ನನಗೇ ಕಳಿಸಿ. ಬಂದ ಕೂಡಲೇ ಓದುತ್ತೇನೆ.

ಸಂಪಾದಕ