ಕಾಲುಸಂಕದಿಂದ ಶುರು ಮಾಡಿ

ಪ್ರಿಯರೇ,

‘ನಾಗರಿಕ ಸಮಾಜ: ಉದಾರವಾದಕ್ಕೂ ಸಂಪ್ರದಾಯವಾದಕ್ಕೂ ಸಮಾನ ನೆಲೆ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ನಾಗರಿಕ ಸಮಾಜ ಎಂದರೆ ಮನೆಗೂ ಸರ್ಕಾರಕ್ಕೂ ನಡುವೆ ಜನ ಕೂಡಿ ನಡೆಸುವ ಬಳಗ, ಸಂಘಗಳು. ಈಗಿರುವ ರೂಪದಲ್ಲಿ ಅದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲಾರೆ. ಹಿಂತಿರುಗಿಸಿ ಸುಮ್ಮನಾಗಲೂ ಮನಸ್ಸು ಒಪ್ಪಲಿಲ್ಲ, ಅದಕ್ಕೇ ಈ ಪತ್ರ.

ಹನ್ನೊಂದು ಪುಟಗಳಲ್ಲಿ ಮೊದಲ ಆರು ಪುಟ ಸಂಪ್ರದಾಯವಾದಿ ಚಿಂತಕ ಬರ್ಕ್, ಜರ್ಮನ್ ತತ್ತ್ವಜ್ಞಾನಿ ಹೆಗೆಲ್, ಫ್ರೆಂಚ್ ಉದಾರವಾದಿ ಟಾಕ್‌ವಿಲ್. ಏಳನೆಯ ಪುಟದಲ್ಲಿ ಸಾಗರ ತಾಲ್ಲೂಕಿನ ನಿಮ್ಮೂರು ಬರುತ್ತದೆ. ಮಳೆ ಹಿಡಿಯುವ ಮೊದಲು ಏಳು ಮನೆಯವರು ಸೇರಿ ಹಳ್ಳ ದಾಟಲು ಮರದ ಕಾಲುಸಂಕ ಹಾಕುತ್ತಾರೆ. ಒಂದು ಮನೆಯಿಂದ ಅಡಿಕೆ ಮರ, ಇನ್ನೊಂದು ಮನೆಯಿಂದ ಬಿದಿರು. ಚುನಾವಣೆ ಬಂದರೆ ಮುಖ ತಿರುಗಿಸಿಕೊಳ್ಳುವ ಇಬ್ಬರು ಒಂದೇ ಮರದ ಎರಡು ತುದಿಗೆ ಹೆಗಲು ಕೊಟ್ಟು ಹಳ್ಳಕ್ಕೆ ಇಳಿಯುತ್ತಾರೆ. ಓದುತ್ತಿದ್ದವನು ಅಲ್ಲಿ ನೆಟ್ಟಗೆ ಕುಳಿತೆ. ನೀವಾದರೋ ನಾಲ್ಕೇ ಸಾಲಿಗೆ ಅದನ್ನು ಮುಗಿಸಿ, ‘ಟಾಕ್‌ವಿಲ್ ಹೇಳಿದ್ದೂ ಇದನ್ನೇ’ ಎಂದು ಮತ್ತೆ ಅಮೆರಿಕಕ್ಕೆ ಹೊರಟುಬಿಟ್ಟಿರಿ.

ಟಾಕ್‌ವಿಲ್ ಕೂಡ ಹಾಗೆ ಬರೆಯಲಿಲ್ಲ. ಜೈಲುಗಳನ್ನು ನೋಡಿ ವರದಿ ಮಾಡಲೆಂದು 1831ರಲ್ಲಿ ಅಮೆರಿಕಕ್ಕೆ ಹೋದವನು ಊರೂರು ತಿರುಗಿ, ಜನ ಸಣ್ಣಪುಟ್ಟ ಕೆಲಸಕ್ಕೂ ಸಂಘ ಕಟ್ಟಿಕೊಳ್ಳುವುದನ್ನು ಕಣ್ಣಾರೆ ಕಂಡು ಬರೆದ. ಬರ್ಕ್‌ನ ‘ಪುಟ್ಟ ತುಕಡಿ’ ಎಂಬ ಮಾತನ್ನು ನೀವು ಸ್ವಯಂಸೇವಾ ಸಂಸ್ಥೆಗಳಿಗೆ ಹೊಂದಿಸಿದ್ದೀರಿ, ಅದು ತಪ್ಪು. 1790ರಲ್ಲಿ ಆತ ಆ ಮಾತನ್ನು ಆಡಿದ್ದು ತಮ್ಮದೇ ವರ್ಗವನ್ನು ಹೀಗಳೆಯುವ ಕುಲೀನರನ್ನು ಕುರಿತು. ಹುಟ್ಟಿನಿಂದ ಬಂದ ಬಳಗದ ಮೇಲಿನ ಪ್ರೀತಿಯೇ ಲೋಕಪ್ರೀತಿಯ ಮೊಳಕೆ ಎಂಬುದು ಅವನ ವಾದ. ತಾವಾಗಿ ಕಟ್ಟಿಕೊಂಡ ಸಂಘ ಬೇರೆ, ಹುಟ್ಟಿದ ಬಳಗ ಬೇರೆ. ನಿಮ್ಮ ಲೇಖನದ ಜೀವ ಇರಬೇಕಾದದ್ದು ಈ ವ್ಯತ್ಯಾಸದಲ್ಲಿ. ನೀವು ಅದನ್ನೇ ಒರೆಸಿಹಾಕಿ, ‘ಕೊನೆಗೆ ಇಬ್ಬರೂ ಹೇಳುವುದು ಒಂದನ್ನೇ’ ಎಂದಿದ್ದೀರಿ.

ಒಂದನ್ನೇ ಹೇಳುವುದಿಲ್ಲ. ಸಂಪ್ರದಾಯವಾದಿಯ ಕಣ್ಣಿಗೆ ಸಂಕ ಅಜ್ಜನ ಕಾಲದಿಂದ ಬಂದ ಋಣ: ಮುಯ್ಯಾಳಿಗೆ, ಅಂದರೆ ಒಬ್ಬರ ಹೊಲದ ಕೆಲಸಕ್ಕೆ ಇನ್ನೊಬ್ಬರು ಸರದಿಯಂತೆ, ಹೋದ ಹಾಗೆ ಸಂಕಕ್ಕೂ ಹೋಗಬೇಕು, ಹೋಗದವನು ಊರಿಗೆ ಸಲ್ಲದವನು. ಉದಾರವಾದಿಯ ಕಣ್ಣಿಗೆ ಅದು ಏಳು ಮನೆಯವರು ಒಪ್ಪಿ ಮಾಡುವ ಕೆಲಸ, ಒಪ್ಪದವನಿಗೆ ಬರದಿರುವ ಹಕ್ಕೂ ಉಂಟು. ಇಬ್ಬರೂ ಅಂಜುವುದು ಮಾತ್ರ ಒಂದಕ್ಕೇ: ಒಂಟಿ ಮನುಷ್ಯನಿಗೂ ಸರ್ಕಾರಕ್ಕೂ ನಡುವೆ ಏನೂ ಉಳಿಯದೆ ಹೋಗುವುದಕ್ಕೆ. ಸಮಾನ ನೆಲೆ ಎಂದರೆ ಅಷ್ಟೇ ಅಗಲದ ಜಾಗ. ಅದನ್ನು ಇದ್ದದ್ದಕ್ಕಿಂತ ದೊಡ್ಡದು ಮಾಡಿ ತೋರಿಸಬೇಡಿ.

ನನಗೆ ನಿಜವಾಗಿ ನೋವಾದದ್ದು ಒಂಬತ್ತನೆಯ ಪುಟದಲ್ಲಿ. ‘ಮಲೆನಾಡಿನ ಹಳ್ಳಿಗಳು ಅನಾದಿಯಿಂದ ಸೌಹಾರ್ದದಲ್ಲಿ ಬಾಳಿದವು’ ಎಂದು ಬರೆದಿದ್ದೀರಿ. ಕಾಗೋಡು ನಿಮ್ಮ ತಾಲ್ಲೂಕಿನಲ್ಲೇ ಇದೆ! 1951ರಲ್ಲಿ ಅಲ್ಲಿನ ಗೇಣಿದಾರರು ಗೇಣಿ ಅಳೆಯುವ ಕೊಳಗದ ಗಾತ್ರವನ್ನು ಪ್ರಶ್ನಿಸಿ ಸತ್ಯಾಗ್ರಹಕ್ಕೆ ಇಳಿದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಕೊಳಗವೂ ರೂಢಿಯಿಂದ ಬಂದದ್ದೇ. ಅದನ್ನು ಎದುರಿಸುವ ಶಕ್ತಿ ಬಂದದ್ದು ಗೇಣಿದಾರರು ಸಂಘ ಕಟ್ಟಿದ್ದರಿಂದ. ಅಂದರೆ ಊರನ್ನು ಹಿಡಿದಿಡುವ ಕೂಡುವಿಕೆಯೂ ನಾಗರಿಕ ಸಮಾಜವೇ, ಊರನ್ನು ಅಲುಗಿಸುವ ಕೂಡುವಿಕೆಯೂ ನಾಗರಿಕ ಸಮಾಜವೇ. ಕಾಗೋಡನ್ನು ಬಿಟ್ಟು ಸಾಗರದ ನೆಲದಲ್ಲಿ ಈ ವಿಷಯ ಬರೆಯಲು ಬಾರದು. 1939ರಲ್ಲಿ ಶಿವಮೊಗ್ಗದಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಸಹಕಾರ ಸಂಘ ಮ್ಯಾಮ್ಕೋಸ್, 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನಾಟಕ ಸಂಸ್ಥೆ ನೀನಾಸಂ ಎರಡನ್ನೂ ಹೆಸರಿಸಿ ಮುಂದೆ ಹೋಗಿದ್ದೀರಿ. ಒಂದನ್ನಾದರೂ ಹತ್ತಿರದಿಂದ ನೋಡಿ. ಸಹಕಾರ ಸಂಘದ ವಾರ್ಷಿಕ ಸಭೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬ ಸದಸ್ಯ ಎದ್ದು ಲೆಕ್ಕ ಕೇಳಿದಾಗ ವೇದಿಕೆಯ ಮೇಲೆ ಕುಳಿತವರು ಕಾಗದ ತಿರುವುವ ಆ ಎರಡು ನಿಮಿಷ ನಿಮ್ಮ ಬರಹದಲ್ಲಿ ಇರಬೇಕಿತ್ತು.

ಇನ್ನೊಂದು ಮಾತು. ಸರ್ಕಾರ ಕಾಂಕ್ರೀಟಿನ ಕಾಲುಸೇತುವೆ ಕಟ್ಟಿದರೆ ಜನ ಕೂಡುವುದು ನಿಂತುಹೋಗುತ್ತದೆ ಎಂದು ಮರುಗಿದ್ದೀರಿ. ಆಷಾಢದ ಮಳೆಯಲ್ಲಿ, ಕೆಂಪು ನೀರು ಮರಕ್ಕೆ ತಾಗುತ್ತಿರುವಾಗ, ಮಗುವನ್ನು ಆ ಸಂಕದ ಮೇಲೆ ಶಾಲೆಗೆ ಕಳುಹಿಸುವ ತಾಯಿಯನ್ನು ಕೇಳಿದಿರಾ? ಸೇತುವೆ ಬೇಕೆಂದು ಆಕೆ ಅಕ್ಕಪಕ್ಕದ ಮನೆಯವರನ್ನು ಕೂಡಿಸಿ ಪಂಚಾಯಿತಿಗೆ ಅರ್ಜಿ ಕೊಟ್ಟರೆ ಅದೂ ಜನ ಕೂಡಿದ್ದೇ ಅಲ್ಲವೇ?

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಸಾಮುದಾಯಿಕ ಅಂತರ್‌ಕ್ರಿಯಾತ್ಮಕತೆ’ಯಂಥವು ಹನ್ನೆರಡು ಕಡೆ ಇವೆ, ಗೆರೆ ಎಳೆದಿದ್ದೇನೆ. ಮುಯ್ಯಾಳು ಎಂಬ ಪದ ಒಂದು ಕಡೆಯೂ ಇಲ್ಲ.

ಮೊದಲ ಆರು ಪುಟಗಳನ್ನು ಒಂದೂವರೆಗೆ ಇಳಿಸಿ, ಸಂಕದಿಂದ ಆರಂಭಿಸಿ. ಅದಕ್ಕೂ ಮೊದಲು ಊರಿಗೆ ಹೋಗಿ ಬನ್ನಿ. ಒಂದು ವರ್ಷ ಒಂದು ಮನೆಯವರು ಮರವನ್ನೂ ಕೊಡಲಿಲ್ಲ, ಆಳನ್ನೂ ಕಳುಹಿಸಲಿಲ್ಲ ಎಂದು ಒಂದೇ ವಾಕ್ಯದಲ್ಲಿ ಹೇಳಿ ದಾಟಿದ್ದೀರಿ. ಅವರು ಯಾಕೆ ಬರಲಿಲ್ಲ? ಆ ಮಳೆಗಾಲದಲ್ಲಿ ಅವರು ಸಂಕ ದಾಟಿದರೇ? ದಾಟುವಾಗ ಯಾರಾದರೂ ಏನಾದರೂ ಅಂದರೇ? ಕೇಳಿಕೊಂಡು ಬಂದು ಬರೆಯಿರಿ. ಅಡಿಕೆ ಕೊಯ್ಲು ಶುರುವಾಗುವುದರೊಳಗೆ ಕಳುಹಿಸಿದರೆ ಬಂದ ದಿನವೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ