ತುಂಗಭದ್ರಾ ಹಿನ್ನೀರಿನಲ್ಲಿ ಓಡಿಸುವ ಹಳೆಯ ಟೂ-ಸ್ಟ್ರೋಕ್ ದೋಣಿ ಎಂಜಿನ್ನಿನ ಪ್ಲಗ್ ಪದೇ ಪದೇ ಕಪ್ಪಾಗುವುದೇಕೆ?

ಹೊಸ ಪ್ಲಗ್ ಹಾಕುವ ಮೊದಲು ಹಳೆಯದನ್ನು ನೋಡಿ. ಎರಡೂ ಸಿಲಿಂಡರಿನದು ಕಪ್ಪಗೆ ಜಿಡ್ಡಾಗಿದ್ದರೆ ಹೆಚ್ಚಾಗಿ ಆಯಿಲ್ ಜಾಸ್ತಿಯಾಗಿರುತ್ತದೆ, ಇಲ್ಲವೇ ಚೋಕ್ (ಸ್ಟಾರ್ಟ್ ಮಾಡುವಾಗ ಗಾಳಿ ತಡೆಯುವ ಮುಚ್ಚಳ) ಪೂರ್ತಿ ತೆರೆಯುತ್ತಿರುವುದಿಲ್ಲ. 50:1 (50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್) ಎಂಜಿನ್ನಿಗೆ 5 ಲೀಟರ್ ಪೆಟ್ರೋಲಿಗೆ 100 ಮಿಲಿ ಆಯಿಲ್ ಸಾಕು. ಅಂದಾಜಿನಲ್ಲಿ ಸುರಿಯದೆ ಅಳೆದೇ ಹಾಕಿ. ಕೆಲವು ಹಳೆಯ ಮಾಡೆಲ್‌ಗಳಿಗೆ 25:1, ಅಂದರೆ 200 ಮಿಲಿ ಬೇಕು. ಅಲ್ಲಿ ಕಡಿಮೆ ಮಾಡಿದರೆ ಪಿಸ್ಟನ್ ಸೀಜ್ ಆದೀತು.

ಒಂದೇ ಪ್ಲಗ್ ಒದ್ದೆಯಾಗಿದ್ದರೆ ಎರಡನ್ನೂ ಅದಲುಬದಲು ಮಾಡಿ. ತೊಂದರೆ ಪ್ಲಗ್ ಜತೆಗೇ ಹೋದರೆ ಅದು ಕೆಟ್ಟಿದೆ. ಅದೇ ಸಿಲಿಂಡರಿನಲ್ಲಿ ಉಳಿದರೆ ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್, ವೈರು ನೋಡಿಸಿ.

ಮುನಿರಾಬಾದ್ ಕಡೆ ಬಲೆ ಬಿಡುತ್ತಾ ತಾಸುಗಟ್ಟಲೆ ನಿಧಾನಕ್ಕೆ ಓಡಿಸಿದರೂ ಮಸಿ ಕಟ್ಟುತ್ತದೆ, ಅದನ್ನು ಸುಡುವಷ್ಟು ಪ್ಲಗ್ ಕಾಯುವುದಿಲ್ಲ. ಆಗಾಗ ಒಂದೆರಡು ನಿಮಿಷ ಜೋರಾಗಿ ಓಡಿಸಿ. ಹೆಚ್ಚು ಬಿಸಿಯಾಗುವ ನಂಬರಿನ ಪ್ಲಗ್ ಮಾತ್ರ ಬೇಡ: ಫುಲ್ ಥ್ರಾಟಲ್‌ನಲ್ಲಿ ಪಿಸ್ಟನ್ ಸುಟ್ಟು ತೂತಾಗಬಹುದು.