ಶಕವರ್ಷಕ್ಕೆ 78 ಕೂಡಿಸಿದರೂ ಸಂವತ್ಸರ ತಾಳೆಯಾಗದಿದ್ದರೆ

ನಿಮ್ಮೂರಿನ ವೀರಗಲ್ಲಿನ ಶಕವರ್ಷಕ್ಕೆ 78 ಕೂಡಿಸಿ ಇಸವಿ ತೆಗೆದರೆ, ಕಲ್ಲಿನಲ್ಲೇ ಇರುವ ಸಂವತ್ಸರದ ಹೆಸರಿಗೆ ತಾಳೆಯಾಗುತ್ತಿಲ್ಲ ಎಂದು ಕೇಳಿದ್ದೀರಿ. ಒಂದು ವರ್ಷ ತಪ್ಪುತ್ತಿರುವುದು ಬಹುಶಃ ಎಣಿಕೆಯ ರೀತಿಯಿಂದ. ಹೆಚ್ಚಿನ ಶಾಸನಗಳು ಮುಗಿದ ವರ್ಷ (ಶಕ ಶುರುವಾಗಿ ಪೂರ್ತಿ ಕಳೆದ ವರ್ಷಗಳ ಎಣಿಕೆ) ಹೇಳುತ್ತವೆ, ಕೆಲವು ನಡೆಯುತ್ತಿರುವ ವರ್ಷ.

ಮೊದಲು ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಶೇಷವೇ ಸಂವತ್ಸರದ ಸಂಖ್ಯೆ: 1 ಪ್ರಭವ, ಸೊನ್ನೆ ಬಂದರೆ ಕ್ಷಯ. ಕಲ್ಲಿನ ಹೆಸರೇ ಬಂದರೆ 78 ಕೂಡಿಸಿ. ಲೆಕ್ಕ ಒಂದು ಹೆಸರು ಮುಂದೆ ಓಡಿದರೆ 77. ಫಾಲ್ಗುಣ ಮಾಸವಾದರೆ ಇನ್ನೊಂದು ಜಾಸ್ತಿ, ಅಷ್ಟರಲ್ಲಿ ಇಸವಿ ಬದಲಾಗಿರುತ್ತದೆ. ಪುಷ್ಯ, ಮಾಘದ್ದೇ ತಲೆನೋವು, ಇಸವಿ ಬದಲಾಗುವುದು ಆ ಹೊತ್ತಿಗೇ; ತಿಥಿ-ವಾರ ಇಟ್ಟು ನೋಡಬೇಕು.

ಬಾದಾಮಿ ಮೂರನೇ ಗುಹೆಯ ಶಾಸನದಷ್ಟು ಹಳೆಯದಕ್ಕೆ (ಶಕ 500, ಕಾರ್ತಿಕ ಹುಣ್ಣಿಮೆ, ಅಂದರೆ 578) ಸಂವತ್ಸರದ ಈ ಲೆಕ್ಕ ನೆಚ್ಚಬೇಡಿ.

ವ್ಯತ್ಯಾಸ ಇನ್ನೂ ದೊಡ್ಡದಿದ್ದರೆ ಓದಿದ್ದೇ ತಪ್ಪಿರಬಹುದು. ಸಂಜೆಯ ಓರೆ ಬಿಸಿಲಲ್ಲಿ ಮತ್ತೊಂದು ಫೋಟೋ ತೆಗೆಯಿರಿ, ಸವೆದ ಅಕ್ಷರ ಎದ್ದು ಕಾಣುತ್ತವೆ. ಸುಣ್ಣ ಮಾತ್ರ ಬಳಿಯಬೇಡಿ.